ಮಗಳಿಗೆ ಈಜಿಪ್ಟಿನ ರಾಜನ ವೇಷ ಬೇಕಂತೆ, ಗಡ್ಡ ಸಮೇತ! ಮಾಡಿ ಗೊತ್ತಿದ್ದವರು ಹೇಳಿ

ಮೂರನೇ ಕ್ಲಾಸಿನ ಹುಡುಗಿಯ ಅಮ್ಮ, ರೆಡಿಂಗ್, ಇಂಗ್ಲೆಂಡ್:

ಎಲ್ಲರಿಗೂ ನಮಸ್ಕಾರ. ಮಗಳ ಶಾಲೆಯಲ್ಲಿ ಈ ಟರ್ಮಿನ ಇತಿಹಾಸ ಪಾಠ ಪ್ರಾಚೀನ ಈಜಿಪ್ಟ್. ಮುಂದಿನ ವಾರದ ಕೊನೆಗೆ ಮಕ್ಕಳೆಲ್ಲ ಈಜಿಪ್ಟಿನ ವೇಷ ಹಾಕಿಕೊಂಡು ಬರಬೇಕು. ಅಂಗಡಿಯಲ್ಲಿ ನೋಡಿದರೆ ಹುಡುಗಿಯರಿಗೆ ಇರುವುದು ಒಂದೇ, ಮಿರಿಮಿರಿ ಮಿಂಚುವ ಕ್ಲಿಯೋಪಾತ್ರಾ ಡ್ರೆಸ್. ಇವಳಿಗೆ ಅದು ಬೇಡ. "ನಾನು ರಾಣಿ ಅಲ್ಲ, ರಾಜ. ನನಗೆ ಗಡ್ಡ ಬೇಕು" ಅಂತ ಒಂದೇ ಹಟ. ನನಗೆ ಹೊಲಿಗೆ ಅಂದರೆ ಗುಂಡಿ ಹಾಕುವಷ್ಟು ಬರುತ್ತದೆ. ಮಿಷನ್ ಇಲ್ಲ. ಮನೆಯಲ್ಲಿ ಎರಡು ಬಿಳಿ ಪಂಚೆ ಇವೆ, ರಟ್ಟಿನ ಡಬ್ಬಗಳು ಬೇಕಾದಷ್ಟಿವೆ. ಅವಳೇ ಕೂತು ಮಾಡುವ ಕೆಲಸ ಜಾಸ್ತಿ ಇರಲಿ ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ಇಬ್ಬರು ಗಂಡುಮಕ್ಕಳ ಅಮ್ಮ, ಸ್ಲೌ:

ನಿಮ್ಮ ಮಗಳು ಸರಿಯಾಗಿಯೇ ಕೇಳಿದ್ದಾಳೆ. ಹತ್‌ಶೆಪ್ಸುತ್ ಅಂತ ಒಬ್ಬಳಿದ್ದಳು, ಕ್ರಿ.ಪೂ. 15ನೇ ಶತಮಾನದವಳು. ಹೆಂಗಸಾದರೂ ಫೇರೋ, ಅಂದರೆ ಈಜಿಪ್ಟಿನ ರಾಜ, ಆಗಿಯೇ ಸುಮಾರು 20 ವರ್ಷ ಆಳಿದಳು. ಅವಳ ಎಷ್ಟೋ ವಿಗ್ರಹಗಳಲ್ಲಿ ರಾಜರ ಗಡ್ಡ, ರಾಜರ ತಲೆವಸ್ತ್ರ, ಮೊಳಕಾಲ ಮೇಲಿನ ತುಂಡುಪಂಚೆ ಎಲ್ಲ ಇದೆ. ಪುಂಟ್ ಅನ್ನುವ ನಾಡಿಗೆ ಹಡಗು ಕಳಿಸಿ ಸುಗಂಧದ ಗಿಡಗಳನ್ನು ಬೇರು ಸಮೇತ ತರಿಸಿದವಳು. ಟೀಚರ್ ಕೇಳಿದರೆ ಮಗಳು ಇಷ್ಟು ಹೇಳಲಿ, ಗಡ್ಡದ ಬಗ್ಗೆ ಯಾರೂ ತಕರಾರು ಎತ್ತುವುದಿಲ್ಲ.

ಕ್ಲಿಯೋಪಾತ್ರಾ ಬಿಟ್ಟಿದ್ದು ಒಳ್ಳೆಯದೇ ಆಯಿತು ಬಿಡಿ. ಅವಳು ಸತ್ತದ್ದು ಕ್ರಿ.ಪೂ. 30ರಲ್ಲಿ. ಗೀಜಾದ ದೊಡ್ಡ ಪಿರಮಿಡ್ ಅದಕ್ಕೂ ಸುಮಾರು 2500 ವರ್ಷ ಹಿಂದಿನದು. ಲೆಕ್ಕ ಹಾಕಿದರೆ ಅವಳು ಪಿರಮಿಡ್ಡಿಗಿಂತ ನಮಗೇ ಹತ್ತಿರ! ಕ್ಲಾಸಿನಲ್ಲಿ ಅರ್ಧ ಜನ ಅವಳಾಗಿಯೇ ಬಂದಿರುತ್ತಾರೆ ಬೇರೆ.

ನಾನು ಹೇಳುವುದು ಒಂದೇ. ಮೈಗೆ ಬಿಳಿ ಬಟ್ಟೆ ಸುತ್ತಿ ಬೇಗ ಮುಗಿಸಿ. ಇರುವ ಸಮಯವನ್ನೆಲ್ಲ ಕೊರಳಿನ ಅಗಲವಾದ ಹಾರಕ್ಕೆ ಹಾಕಿ. ನೋಡಿದ ತಕ್ಷಣ ಈಜಿಪ್ಟ್ ಅನ್ನಿಸುವುದು ಅದರಿಂದಲೇ. ಮಕ್ಕಳು ತಾಸುಗಟ್ಟಲೆ ಕೂತು ಮಾಡುವುದೂ ಅದನ್ನೇ. ಮಮ್ಮಿ, ಅಂದರೆ ಬಟ್ಟೆ ಸುತ್ತಿಟ್ಟ ಶವದ ವೇಷಕ್ಕೆ ಮಾತ್ರ ಕೈಹಾಕಬೇಡಿ. ನನ್ನ ಚಿಕ್ಕವನಿಗೆ ಟಾಯ್ಲೆಟ್ ಪೇಪರ್ ಸುತ್ತಿ ಕಳಿಸಿದ್ದೆ. ಮೊದಲ ಪೀರಿಯಡ್‌ನಲ್ಲೇ ಅವನಿಗೆ ಅದೇ ಟಾಯ್ಲೆಟ್‌ಗೆ ಹೋಗಬೇಕಾಯಿತು. ಮುಂದಿನದ್ದು ನೀವೇ ಊಹಿಸಿ.

ಮಕ್ಕಳ ನಾಟಕಕ್ಕೆ ವೇಷ ಹೊಲಿಯುವವಳು, ಬೆಂಗಳೂರು:

ಪಂಚೆ ಇದೆ ಅಂದಮೇಲೆ ಬಟ್ಟೆಯ ಚಿಂತೆ ಬಿಡಿ. ಈಜಿಪ್ಟಿನವರು ಉಡುತ್ತಿದ್ದದ್ದು ಅಗಸೆ ನಾರಿನ ಲಿನನ್. ಅದಕ್ಕೆ ಬಣ್ಣ ಸುಲಭವಾಗಿ ಹಿಡಿಯುವುದಿಲ್ಲ, ಹಾಗಾಗಿ ಹೆಚ್ಚಿನ ಬಟ್ಟೆ ಬಿಳಿ. ಬಣ್ಣ ಹೆಚ್ಚಾಗಿ ಮಣಿಗಳಲ್ಲಿ. ನಮ್ಮ ಪಂಚೆ ಹತ್ತಿಯದ್ದು, ಆದರೆ ನಾಲ್ಕು ಹೆಜ್ಜೆ ದೂರದಿಂದ ಯಾರಿಗೆ ಗೊತ್ತಾಗುತ್ತದೆ?

ಇಂಗ್ಲೆಂಡಿನ ಚಳಿಗೆ ಬರೀ ತುಂಡುಪಂಚೆ ಆಗುವುದಿಲ್ಲ. ಒಂದು ನಿಲುವಂಗಿ ಮಾಡಿ. ಭುಜದಿಂದ ಮೊಳಕಾಲಿಗೆ ಎಷ್ಟು ಉದ್ದವೋ ಅದರ ಎರಡರಷ್ಟು ಬಟ್ಟೆ ಕತ್ತರಿಸಿ, ನಡುವೆ ಮಡಚಿ. ಮಡಿಕೆಯ ಮಧ್ಯದಲ್ಲಿ ಕೊರಳಿಗೆ ದುಂಡಗೆ ಕತ್ತರಿಸಿ. ತಲೆ ತೂರಲು ಮುಂಭಾಗದಲ್ಲಿ ಒಂದು ಗೇಣಿಗಿಂತ ಕಮ್ಮಿ ಸೀಳು ಬಿಡಿ. ಕಂಕುಳ ಕೆಳಗಿನಿಂದ ಎರಡೂ ಬದಿ ಕೈಹೊಲಿಗೆ ಹಾಕಿ. ಅಷ್ಟೇ. ಟುಟಾಂಖಾಮನ್ ಎಂಬ ಈಜಿಪ್ಟಿನ ರಾಜನ ಗೋರಿಯಲ್ಲಿ ಸಿಕ್ಕ ಅಂಗಿಗಳ ಕಟಿಂಗ್ ಕೂಡ ಹೆಚ್ಚುಕಡಿಮೆ ಇಷ್ಟೇ. ಒಳಗೆ ಬೆಚ್ಚಗೆ ಬಿಳಿ ಥರ್ಮಲ್ ಹಾಕಿಸಿ. ಮೇಲೆ ಸೊಂಟಕ್ಕೆ ಇನ್ನೊಂದು ತುಂಡು ಸುತ್ತಿದರೆ ರಾಜನ ಪಂಚೆ ಆಯಿತು.

ಆ ಮೇಲಿನ ತುಂಡಿಗೆ ನೆರಿಗೆ ಬೇಕೇ ಬೇಕು. ಗಂಜಿ ಹಾಕಿ, ಒದ್ದೆ ಇರುವಾಗಲೇ ಬೆರಳಗಲದ ನೆರಿಗೆ ಹಿಡಿಯಿರಿ. ಅಲ್ಲಲ್ಲಿ ದಾರ ಕಟ್ಟಿ ರೇಡಿಯೇಟರ್ ಮೇಲೆ ಒಣಗಲು ಬಿಡಿ. ಬಿಚ್ಚುವ ಕೆಲಸ ಮಗಳಿಗೆ ಕೊಡಿ, ಅದೊಂದು ಮಜಾ.

ನೀವು ಲಂಡನ್‌ಗೆ ಹತ್ತಿರವೇ ಇದ್ದೀರಿ. ಅಲ್ಲಿನ ಪೆಟ್ರಿ ಮ್ಯೂಸಿಯಂಗೆ ಪ್ರವೇಶ ಉಚಿತ. ಈಜಿಪ್ಟಿನ ತರ್ಖಾನ್ ಎಂಬಲ್ಲಿ ಸಿಕ್ಕ ಒಂದು ಅಂಗಿ ಅಲ್ಲಿದೆ. ಪ್ರಪಂಚದಲ್ಲಿ ಉಳಿದಿರುವ ನೇಯ್ದ ಉಡುಪುಗಳಲ್ಲಿ ಅದೇ ಅತಿ ಹಳೆಯದು. ಕಾರ್ಬನ್ ಪರೀಕ್ಷೆಯ ಪ್ರಕಾರ ಕ್ರಿ.ಪೂ. 3482 ಮತ್ತು 3102ರ ನಡುವಿನದ್ದು. 1913ರಲ್ಲಿ ಅಗೆದಾಗ ಚಿಂದಿಯ ಗಂಟಿನೊಳಗೆ ಸೇರಿಕೊಂಡಿತ್ತು. 1977ರಲ್ಲಿ ಆ ಗಂಟನ್ನು ಶುಚಿಮಾಡಲು ಬಿಚ್ಚಿದಾಗಲೇ ಒಳಗೊಂದು ಅಂಗಿ ಇದೆ ಅಂತ ಗೊತ್ತಾದದ್ದು. ತೋಳಿಗೂ ಎದೆಗೂ ಸಣ್ಣ ಸಣ್ಣ ನೆರಿಗೆ. ಮೊಣಕೈ ಹತ್ತಿರ, ಕಂಕುಳ ಹತ್ತಿರ ಸುಕ್ಕು. ಯಾರೋ ತೊಟ್ಟು ಓಡಾಡಿದ ಅಂಗಿ ಅದು. ನೆರಿಗೆ ಹಿಡಿಯುವ ಮುಂಚೆ ಮಗಳಿಗೆ ಅದನ್ನೊಮ್ಮೆ ತೋರಿಸಿ.

ರೆಡಿಂಗ್ ಅಮ್ಮ:

ಅಬ್ಬಾ, ಇಷ್ಟು ಸುಲಭವಾ! ಮೇಡಂ, ಒಂದು ಪಂಚೆಗೆ ಜರಿ ಅಂಚಿದೆ. ಕತ್ತರಿಸಿ ಬಿಸಾಕಲಾ?

ಮಕ್ಕಳ ನಾಟಕಕ್ಕೆ ವೇಷ ಹೊಲಿಯುವವಳು, ಬೆಂಗಳೂರು:

ಅಯ್ಯೋ ಬಿಸಾಕಬೇಡಿ. ಅಂಚನ್ನು ಉದ್ದಕ್ಕೆ ಕತ್ತರಿಸಿ ತೆಗೆದಿಡಿ. ಅರ್ಧ ಸೊಂಟಪಟ್ಟಿಗೆ, ಉಳಿದದ್ದು ಹಣೆಪಟ್ಟಿಗೆ. ಸೊಂಟಪಟ್ಟಿಯ ಮುಂದೆ ಒಂದು ಅಗಲವಾದ ಪಟ್ಟಿ ಮೊಳಕಾಲಿನವರೆಗೆ ಇಳಿಬಿದ್ದರೆ ಚೆನ್ನ. ಅದಕ್ಕೆ ನೀಲಿ ಕೆಂಪು ಗೆರೆ ಎಳೆಯುವುದು ಮಗಳ ಕೆಲಸ.

ಯಕ್ಷಗಾನದ ಮನೆಯವನು, ಉಡುಪಿ ಕಡೆ:

ಹಾರದ ವಿಷಯ ನಾನು ಹೇಳುತ್ತೇನೆ. ಆಭರಣ ನೋಡಲು ಭಾರ ಇರಬೇಕು, ಹೊರಲು ಹಗುರ ಇರಬೇಕು. ನಮ್ಮಲ್ಲಿ ಭುಜಕೀರ್ತಿ, ಎದೆಕಟ್ಟು ಎಲ್ಲ ಹಗುರ ಮರದಲ್ಲಿ ಕೆತ್ತಿ ಮೇಲೆ ಬೇಗಡೆ ಅಂಟಿಸುವುದು. ಮಗುವಿಗೂ ಅದೇ ಲೆಕ್ಕ. ಬೆಳಿಗ್ಗೆಯಿಂದ ಸಂಜೆಯವರೆಗೆ ಕೊರಳಲ್ಲಿ ಇರಬೇಕಲ್ಲ.

ಎಲ್ಲರೂ ರಟ್ಟಿನಲ್ಲಿ ಮಾಡಿ ಅನ್ನುತ್ತಾರೆ. ಮಾಡಬೇಡಿ. ರಟ್ಟು ಭುಜಕ್ಕೆ ಬಾಗುವುದಿಲ್ಲ, ತಟ್ಟೆಯ ಹಾಗೆ ಎದ್ದು ನಿಲ್ಲುತ್ತದೆ. ಮಗು ತಲೆ ಬಗ್ಗಿಸಿದರೆ ಗಲ್ಲಕ್ಕೆ ಚುಚ್ಚುತ್ತದೆ. ದಪ್ಪ ಫೆಲ್ಟ್ ಬಟ್ಟೆ ತನ್ನಿ. ಎಂಟು ವರ್ಷದ ಮಗುವಿಗೆ ಹೊರಗಿನ ವೃತ್ತ 32 ಸೆಂ.ಮೀ. ಅಗಲ, ಕೊರಳಿನ ತೂತು 12 ಸೆಂ.ಮೀ. ಸಾಕು. ಹಿಂಭಾಗದಲ್ಲಿ ಸೀಳಿ, ಎರಡು ತುದಿಗೂ ಲಾಡಿ ಹೊಲಿಯಿರಿ.

ಇನ್ನು ಮಣಿ. ಪೆನ್ನೆ ಪಾಸ್ತಾ ಅಂತ ಎಲ್ಲ ಕಡೆ ಹೇಳುತ್ತಾರೆ. ನೋಡಲು ಚೆಂದ, ಆದರೆ ಭಾರ. ತುಳಿದರೆ ಪುಡಿ. ಅಗಲವಾದ ಕಾಗದದ ಸ್ಟ್ರಾ ಉತ್ತಮ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದಕ್ಕೆ ಕತ್ತರಿಸಿ, ಮೊದಲೇ ಬಣ್ಣ ಹಚ್ಚಿ ಒಣಗಿಸಿ. ನೀಲಿ, ಹಸಿರುನೀಲಿ, ಕೆಂಪು, ಚಿನ್ನದ ಬಣ್ಣ. ಇಷ್ಟರಲ್ಲೇ ಇರಿ, ಗುಲಾಬಿ ನೇರಳೆ ಬೇಡ. ಅಂಟಿಸುವುದು ಹೊರಗಿನ ಸಾಲಿನಿಂದ ಶುರುವಾಗಲಿ, ಸ್ಟ್ರಾ ತುಂಡುಗಳು ಕೊರಳಿನ ಕಡೆಗೆ ಮುಖಮಾಡಿ ನಿಂತಿರಬೇಕು. ಒಳಗೆ ಬಂದಂತೆ ತುಂಡುಗಳು ಕಮ್ಮಿ ಬೇಕಾಗುತ್ತವೆ. ಎರಡು ಸಾಲಿನ ನಡುವೆ ಚಿನ್ನದ ಬಣ್ಣದ ದಾರ ಒಂದು ಸುತ್ತು ಅಂಟಿಸಿದರೆ ವಕ್ರ ಎಲ್ಲ ಮುಚ್ಚಿಹೋಗುತ್ತದೆ. ತೀರಾ ಹೊರಗಿನ ಅಂಚಿಗೆ ಹೂವಿನ ಎಸಳಿನ ಆಕಾರದ ತುಂಡುಗಳು. ಹೊಳಪಿಗೆ ಚಾಕಲೇಟಿನ ಚಿನ್ನದ ಕಾಗದ ಸಾಕು, ಉಗುರಿನಿಂದ ಉಜ್ಜಿ ನಯ ಮಾಡಿಕೊಳ್ಳಿ.

ನಿವೃತ್ತ ಇತಿಹಾಸ ಮೇಷ್ಟರು, ಶಿವಮೊಗ್ಗ:

ಮೇಲಿನವರು ಎಸಳು ಅಂದದ್ದು ಬಹಳ ಸರಿ. ಈಜಿಪ್ಟಿನವರು ನಿಜವಾದ ಹೂವಿನಿಂದಲೂ ಈ ಹಾರ ಮಾಡುತ್ತಿದ್ದರು. ಟುಟಾಂಖಾಮನ್ ಅಂತ್ಯಸಂಸ್ಕಾರಕ್ಕೆ ಸೇರಿದ ವಸ್ತುಗಳಿದ್ದ ಒಂದು ಗುಂಡಿ 1907ರಲ್ಲಿ ಸಿಕ್ಕಿತು. ಅದರಲ್ಲಿದ್ದ ಹೂವಿನ ಹಾರಗಳು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿವೆ. ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಹಾಳೆಯ ಮೇಲೆ ಆಲಿವ್ ಎಲೆ, ನೀಲಿ ಹೂವು, ಸಣ್ಣ ಹಣ್ಣು, ನಡುನಡುವೆ ನೀಲಿ ಮಣಿ ಇಟ್ಟು ಸಾಲುಸಾಲಾಗಿ ಹೊಲಿದಿದ್ದಾರೆ. ಹೂ ಕಟ್ಟಿ ಅಭ್ಯಾಸ ಇರುವ ನಮ್ಮ ಹೆಣ್ಣುಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ನೀಲಿ ಮಣಿ ಮಣ್ಣಿನದಲ್ಲ. ಸ್ಫಟಿಕಶಿಲೆಯ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಸುಡುತ್ತಿದ್ದರು, ಆ ನೀಲಿ ಬರುವುದು ತಾಮ್ರದಿಂದ. ಮನೆಯಲ್ಲಿ ಉಪ್ಪಿನ ಹಿಟ್ಟು ಮಾಡಿ. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ನೀರು ಒಂದು ಲೋಟದೊಳಗೆ, ನೋಡಿಕೊಂಡು ಹಾಕಿ. ಜೀರುಂಡೆಯ ತಾಯಿತ, ಹೋರಸ್ ದೇವರ ಕಣ್ಣು ಮಾಡಲಿ. ದಾರಕ್ಕೆ ತೂತು ಹಸಿ ಇರುವಾಗಲೇ ಹಾಕಬೇಕು. ಓವನ್‌ನಲ್ಲಿ 100 ಡಿಗ್ರಿಗೆ ಇಟ್ಟು ಎರಡು ಮೂರು ಗಂಟೆ ನಿಧಾನ ಒಣಗಿಸಿ.

ಉದ್ದನೆಯ ಗೋಲದೊಳಗೆ ಹೆಸರು ಬರೆಸುವುದನ್ನು ಮರೆಯಬೇಡಿ, ರಾಜ ರಾಣಿಯರ ಹೆಸರಿಗೆ ಇದ್ದ ಮರ್ಯಾದೆ ಅದು. ಈಜಿಪ್ಟಿನ ಚಿತ್ರಲಿಪಿಯಲ್ಲಿ ನೀರಿನ ಅಲೆ 'ನ', ಗೂಬೆ 'ಮ', ಬಾಯಿ 'ರ'. ಪ್ರಾಣಿಗಳು ಯಾವ ಕಡೆ ಮುಖಮಾಡಿವೆಯೋ ಆ ಕಡೆಯಿಂದ ಓದಬೇಕು.

ವಿಷಯ ಬಿಟ್ಟು ಒಂದು ಮಾತು. ಈಜಿಪ್ಟಿನ ಆಕ್ಸಿರಿಂಕಸ್ ಊರಿನಲ್ಲಿ ಸಿಕ್ಕ ಪಪೈರಸ್ ಒಂದರಲ್ಲಿ ಗ್ರೀಕ್ ಪ್ರಹಸನ ಇದೆ. ಅದರಲ್ಲಿ ಭಾರತದ ಪಾತ್ರಗಳು ಆಡುವ ಮಾತು ಕನ್ನಡ ಅಂತ 1904ರಲ್ಲಿ ಹುಲ್ಷ್ ಎಂಬ ವಿದ್ವಾಂಸರು ವಾದಿಸಿದರು. ಎಲ್ಲರೂ ಒಪ್ಪಿಲ್ಲ. ಆದರೂ ಮಗಳು ಕ್ಲಾಸಿನಲ್ಲಿ ಹೇಳಿಕೊಳ್ಳಲಿ, ತಪ್ಪೇನಿಲ್ಲ.

ಒಬ್ಬ ಅಪ್ಪ, ಶಾರ್ಜಾ:

ಗಡ್ಡ ಮತ್ತು ತಲೆವಸ್ತ್ರ ನನ್ನ ಡಿಪಾರ್ಟ್‌ಮೆಂಟ್. ತಲೆವಸ್ತ್ರಕ್ಕೆ ಹಳದಿ ಬಣ್ಣದ ಹಳೆಯ ದಿಂಬಿನ ಕವರ್ ಬಿಚ್ಚಿ ಹರವಿ. ಎರಡು ಬೆರಳು ಅಂತರ ಬಿಟ್ಟು ಮಾಸ್ಕಿಂಗ್ ಟೇಪ್ ಅಂಟಿಸಿ, ಸ್ಪಂಜಿನಿಂದ ನೀಲಿ ಬಣ್ಣ ತಟ್ಟಿ. ಒಣಗಿದ ಮೇಲೆ ಟೇಪ್ ಕೀಳಿ. ಗೆರೆ ನೇರವಾಗಿ ಬಂದಿರುತ್ತದೆ, ಮಕ್ಕಳು ಕುಣಿದಾಡುತ್ತಾರೆ. ಟುಟಾಂಖಾಮನ್ ಚಿನ್ನದ ಮುಖವಾಡದಲ್ಲಿ ಇರುವುದೂ ಚಿನ್ನ, ನೀಲಿ ಗಾಜು ಹೀಗೆ ಒಂದರ ಪಕ್ಕ ಒಂದು ಗೆರೆ. ಬಟ್ಟೆಯ ಅಂಚು ಹುಬ್ಬಿನ ಮೇಲೆ ಬರಲಿ. ಕಿವಿಯ ಹಿಂದಿನಿಂದ ಎಳೆದು ತಲೆಯ ಹಿಂದೆ ಜುಟ್ಟಿನಂತೆ ಕಟ್ಟಿ, ಎರಡು ಕೊನೆ ಎದೆಯ ಮೇಲೆ ಇಳಿಬಿಡಿ. ಹಣೆಪಟ್ಟಿಗೆ ಪೈಪ್ ಕ್ಲೀನರ್ ಬಗ್ಗಿಸಿ ಹೆಡೆ ಎತ್ತಿದ ಹಾವು.

ಗಡ್ಡಕ್ಕೆ ಉಣ್ಣೆ ದಾರದ ಜಡೆ, ಒಳಗೊಂದು ತೆಳು ತಂತಿ. ತಂತಿಯ ತುದಿ ಮಡಚಿ ಟೇಪ್ ಸುತ್ತಿ, ಚುಚ್ಚಬಾರದು. ಎಲಾಸ್ಟಿಕ್ ಹಾಕಿ ಕಿವಿಗೆ ಸಿಕ್ಕಿಸಿ. ಎಲಾಸ್ಟಿಕ್ ಕಾಣುತ್ತದೆ ಅಂತ ಬೇಜಾರು ಬೇಡ. ರಾಜರದ್ದೂ ಕಟ್ಟಿಕೊಳ್ಳುವ ಗಡ್ಡವೇ. ಕೆಲವು ವಿಗ್ರಹಗಳಲ್ಲಿ ದವಡೆಯ ಮೇಲೆ ಅದರ ಪಟ್ಟಿಯನ್ನೂ ಕೆತ್ತಿದ್ದಾರೆ.

ದಯವಿಟ್ಟು ಗಲ್ಲಕ್ಕೆ ಅಂಟು ಹಚ್ಚಬೇಡಿ. ಗಡ್ಡಕ್ಕೂ ಅಂಟಿಗೂ ಆಗಿಬರುವುದಿಲ್ಲ. 2014ರಲ್ಲಿ ಕೈರೋದಲ್ಲಿ ಆ ಚಿನ್ನದ ಮುಖವಾಡದ ಗಡ್ಡವೇ ಕಳಚಿತು. ಅವಸರದಲ್ಲಿ ಎಪಾಕ್ಸಿ ಅನ್ನುವ ಗಟ್ಟಿ ಅಂಟು ಹಾಕಿ ಅಂಟಿಸಿದರು. ಜಗತ್ತೆಲ್ಲ ಸುದ್ದಿ! 2015ರಲ್ಲಿ ತಜ್ಞರು ಕೂತು ಆ ಅಂಟನ್ನು ಕೆರೆದು ತೆಗೆದು, ಜೇನುಮೇಣದಿಂದ ಮತ್ತೆ ಕೂರಿಸಿದರು.

ಔಷಧಿ ಅಂಗಡಿ ನಡೆಸುವವಳು, ಮೈಸೂರು:

ಕಣ್ಣಿಗೆ ಉದ್ದ ಗೆರೆ ಎಳೆಯುತ್ತೀರಲ್ಲ, ಊರಿಂದ ತಂದ ಸುರ್ಮಾ, ಹೆಸರಿಲ್ಲದ ಕಾಡಿಗೆ ಡಬ್ಬಿ ಮುಟ್ಟಬೇಡಿ. ಈಜಿಪ್ಟಿನವರ ಕಪ್ಪು ಕಾಡಿಗೆ ಸೀಸದ ಅದಿರಿನದ್ದು, ಹಸಿರು ತಾಮ್ರದ ಅದಿರಿನದ್ದು. ಇವತ್ತಿಗೂ ಕೆಲವು ಸುರ್ಮಾಗಳಲ್ಲಿ ಸೀಸ ಇರುತ್ತದೆ. ಮಕ್ಕಳ ಫೇಸ್ ಪೇಂಟ್, ನೀರಿನಲ್ಲಿ ತೊಳೆದರೆ ಹೋಗುವಂಥದ್ದು ಸಾಕು. ಹಿಂದಿನ ದಿನ ಮುಂಗೈಗೆ ಹಚ್ಚಿ ನೋಡಿ. ರೆಪ್ಪೆಯ ಹೊರಗೆ ಮಾತ್ರ ಹಚ್ಚಿ, ಒಳಗೆ ಬೇಡ.

ಇಬ್ಬರು ಗಂಡುಮಕ್ಕಳ ಅಮ್ಮ, ಸ್ಲೌ:

ಚಪ್ಪಲಿ ಮರೆತಿದ್ದೆ. ಟುಟಾಂಖಾಮನ್ ಗೋರಿಯಲ್ಲಿ ಸಿಕ್ಕ ಒಂದು ಜೊತೆ ಚಪ್ಪಲಿಯ ಅಟ್ಟೆಯ ಮೇಲೆ ಕೈಕಟ್ಟಿದ ಶತ್ರುಗಳ ಚಿತ್ರ ಇದೆ. ರಾಜ ನಡೆದಾಗಲೆಲ್ಲ ಅವರನ್ನು ತುಳಿಯಬೇಕು. ಹುಡುಗರಿಗೆ ಇದನ್ನು ಹೇಳಿ, ರಟ್ಟಿನ ಅಟ್ಟೆ ಕತ್ತರಿಸಿ ಕೊಟ್ಟು, ನಿಮ್ಮ ಶತ್ರು ಯಾರೋ ಬರೆಯಿರಿ ಅಂದೆ. ದೊಡ್ಡವನು ಏಳರ ಮಗ್ಗಿ ಪೂರ್ತಿ ಬರೆದ. ಹಳೆಯ ಕ್ಯಾನ್ವಾಸ್ ಶೂ ಒಳಗೆ ಹಾಸಿದರೆ ಸಾಕು, ಮಳೆಯಲ್ಲಿ ರಟ್ಟಿನ ಚಪ್ಪಲಿ ನಿಲ್ಲುವುದಿಲ್ಲ.

ರಾಜದಂಡಕ್ಕೆ ಕೋಲು ಬೇಡ, ನಮ್ಮ ಶಾಲೆಯಲ್ಲಿ ಗೇಟಿನಲ್ಲೇ ಕಿತ್ತುಕೊಂಡರು. ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪಿಗೆ ಸುತ್ತುವ ಬೂದು ಬಣ್ಣದ ಫೋಮ್ ಕೊಳವೆ ಸಿಗುತ್ತದೆ. ಕೊಕ್ಕೆಯಂತೆ ಬಗ್ಗಿಸಿ ಟೇಪ್ ಬಿಗಿದು, ನೀಲಿ, ಚಿನ್ನದ ಪಟ್ಟೆ ಸುತ್ತಿ. ಯಾರಿಗೆ ಬಡಿದರೂ ನೋವಾಗುವುದಿಲ್ಲ. ಬಡಿದೇ ಬಡಿಯುತ್ತಾರೆ.

ರೆಡಿಂಗ್ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತೇ ಫೆಲ್ಟ್ ತಂದೆ, ಸ್ಟ್ರಾ ಕತ್ತರಿಸುವುದು ಶುರುವಾಗಿದೆ. ಶನಿವಾರ ಪೆಟ್ರಿಗೆ ಹೋಗುತ್ತೇವೆ. ಶಾರ್ಜಾ ಅಣ್ಣ, ಗಡ್ಡಕ್ಕೆ ಯಾವ ಬಣ್ಣದ ಉಣ್ಣೆ? ಮನೆಯಲ್ಲಿ ನೀಲಿ ಮತ್ತು ಕಂದು ಇದೆ. ಊಟದ ಹೊತ್ತಿಗೆ ಏನು ಮಾಡುವುದು?

ಒಬ್ಬ ಅಪ್ಪ, ಶಾರ್ಜಾ:

ನೀಲಿಯೇ ಹಾಕಿ ತಂಗಿ, ಮುಖವಾಡದಲ್ಲೂ ಚಿನ್ನದ ಚೌಕಟ್ಟಿನೊಳಗೆ ನೀಲಿ ತುಂಬಿದ್ದಾರೆ. ಊಟಕ್ಕೆ ಕೂತಾಗ ಒಂದು ಕಿವಿಯಿಂದ ಬಿಡಿಸಿ ಇನ್ನೊಂದರಲ್ಲಿ ನೇತುಹಾಕಿಕೊಳ್ಳಲಿ. ಕೈಗೆ ಕೊಟ್ಟರೆ ಕಳೆದು ಬರುತ್ತಾಳೆ. ಒಂದು ಬಿಡಿ ಜಡೆ ಹೆಣೆದು ಬ್ಯಾಗಿನಲ್ಲಿ ಹಾಕಿಡಿ.