ಸಹಾಯ ಬೇಕು: ಪಾವಗಡ ಸೋಲಾರ್ ಪಾರ್ಕಿಗೆ ಕೊಟ್ಟ ಜಮೀನಿನ ಬಾಡಿಗೆ ಅಮ್ಮನ ಹೆಸರಿಗೆ ಮಾಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ತಿರುಮಣಿ ಕಡೆಯ ಊರು. ಸೋಲಾರ್ ಪಾರ್ಕಿನ 13,000 ಎಕರೆಯಲ್ಲಿ ನಮ್ಮ ನಾಲ್ಕು ಎಕರೆ ಶೇಂಗಾ ಹೊಲವೂ ಇದೆ. ಮಾರಿಲ್ಲ, 28 ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದೇವೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಜಾಸ್ತಿ. ಮಳೆ ನಂಬಿ ಬದುಕಿದ ನಮಗೆ ಅದು ದೊಡ್ಡ ಆಸರೆ.

ಹೋದ ತಿಂಗಳು ಅಪ್ಪ ತೀರಿಕೊಂಡರು. ಪಹಣಿ, ಗುತ್ತಿಗೆ ಪತ್ರ, ಬ್ಯಾಂಕ್ ಖಾತೆ ಎಲ್ಲಾ ಅವರ ಹೆಸರಲ್ಲೇ ಇವೆ. ಅಮ್ಮ ಆ ಪತ್ರವನ್ನು ಹಳೇ ಟವೆಲ್‌ನಲ್ಲಿ ಸುತ್ತಿ ರಾಗಿ ಡಬ್ಬದಲ್ಲಿ ಇಟ್ಟಿದ್ದಾರೆ. ದಿನಾ ತೆಗೆದು ನೋಡುತ್ತಾರೆ.

ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬದಲಾಗುವುದು) ಆದಮೇಲೆ ಗುತ್ತಿಗೆಯನ್ನು ಮತ್ತೆ ನೋಂದಣಿ ಮಾಡಿಸಬೇಕಾ, ಸುಮ್ನೆ ಅರ್ಜಿ ಕೊಟ್ಟರೆ ಸಾಕಾ? ಅಕ್ಕ ಹಿಂದೂಪುರದಲ್ಲಿದ್ದಾಳೆ, ಅವಳ ಸಹಿಯೂ ಬೇಕಲ್ವಾ? ವಂಶವೃಕ್ಷ, ಮರಣ ಪ್ರಮಾಣಪತ್ರ ಸಿದ್ಧ ಇವೆ. ಮಾಡಿಸಿದ ಅನುಭವ ಇದ್ದವರು ದಯವಿಟ್ಟು ತಿಳಿಸಿ.