ಹುಲಿಗ್ಯಾಗ ತಮ್ಮನ್ನ ಕಂಡೂ ಮಾತಾಡ್ಸಲಿಲ್ಲ, ಈಗ ಹೆಂಗ ಕ್ಷಮಾ ಕೇಳ್ಲಿ?

ಪ್ರಶ್ನೆ, ಗಂಗಾವತಿಯಿಂದ:
ನಮಸ್ಕಾರ್ರೀ. ನನ್ನ ತಮ್ಮ ಸಣ್ಣಾಂವ ಇದ್ದಾಗಿಂದ ನನ್ನ ಲಂಗ ಉಟ್ಕೊಂಡು ರಂಗೋಲಿ ಹಾಕ್ತಿದ್ದ, ಓಣಿ ಮಂದಿ ನಗತಿದ್ರು. ಪಿಯುಸಿ ಆದಮ್ಯಾಲೆ ನಾನು ಹೆಣ್ಣು ಅಂತ ಬಾಯಿ ಬಿಟ್ಟು ಹೇಳಿದ, ಆವಾಗ ನನಗ ಗಂಡು ನೋಡಾಕತ್ತಿದ್ರು, ಸಂಬಂಧ ಮುರೀತೈತಿ ಅಂತ ಅಂಜಿ ನಾನ ಕಪಾಳಕ್ಕ ಹೊಡದು ಬ್ಯಾಗ್ ಹೊರಗ ಒಗದೆ. ಒಂಬತ್ತು ವರ್ಷ ಆತು. ಮೊನ್ನೆ ಹುಣ್ಣಿಮಿಗೆ ಹುಲಿಗೆಮ್ಮನ ಗುಡಿ ಮುಂದ ದೇವಿ ಸೇವಾ ಮಾಡೋ ಜೋಗತ್ಯಾರ ಜೊತಿ ಕುಂತಿದ್ದ, ಸೀರಿ ಉಟ್ಟು ಚೌಡ್ಕಿ ವಾದ್ಯ ಹಿಡಕೊಂಡು, ನನ್ನ ನೋಡಿ ನಕ್ಕ. ಜೊತಿಗೆ ನಮ್ಮ ಮನೆಯವ್ರಿದ್ರು, ಗುರ್ತಿಲ್ಲದವ್ರಂಗ ಬಂದ್ಬಿಟ್ಟೆ. ಅವತ್ತಿಂದ ಊಟ ಸೇರವಲ್ದು. ಯಾವ ಬಾಯಿಲೆ ಕ್ಷಮಾ ಕೇಳ್ಲಿ? ಮಂದಿ ಏನಂತಾರ?

ಉತ್ತರ, ಕೊಪ್ಪಳದಿಂದ:
ಅಕ್ಕಾರ, ಗಂಡೋ ಹೆಣ್ಣೋ ಅನ್ನೋದು ಅವರವ್ರ ಹೇಳಬೇಕು ಅಂತ ಸುಪ್ರೀಂ ಕೋರ್ಟು 2014ರಾಗ ಹೇಳೇತಿ. ನಮ್ಮ ಬಳ್ಳಾರಿ ಸೀಮಿ ಮಂಜಮ್ಮ ಜೋಗತಿಯವ್ರನ್ನ ನೋಡ್ರಿ, ಅವ್ರೂ ಹಿಂಗ ನಾನು ಹೆಣ್ಣು ಅಂದವ್ರು, ಮನಿ ಬಿಟ್ಟು ಭಿಕ್ಷಾ ಬೇಡಿದವ್ರು, 2019ರಾಗ ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು, 2021ರಾಗ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗೆ ಸೆರಗಿಲೆ ದೃಷ್ಟಿ ತಗದ್ರು, ಇಡೀ ಸಭಾ ಚಪ್ಪಾಳಿ ಹೊಡೀತು. ಆದ್ರ ನಿಮ್ಮ ಮನಿ ಕೂಸು ಪ್ರಶಸ್ತಿ ತರೂತನಕ ಕಾಯಬ್ಯಾಡ್ರಿ.

ಉತ್ತರ, ರಾಯಚೂರು ಕಡೆಯಿಂದ:
ಅಕ್ಕಾ, ನಾನೂ ಜೋಗತಿ. ಇಷ್ಟುದ್ದ ಬರದಿ, ತಮ್ಮ ತಮ್ಮ ಅಂತೀ, ಆಕಿ ಈಗ ಏನ್ ಹೆಸರಿಟ್ಕೊಂಡಾಳ ಅಂತ ಯಾರನ್ನರ ಕೇಳಿಯೇನು? ಹೋಗು, ಆದ್ರ ಬರೇ ನಿನ್ನ ಎದಿ ಭಾರ ಇಳಸಾಕ ಹೋಗಬ್ಯಾಡ. ಬೈದ್ರ ಬೈಸ್ಕೋ, ಮಾತಾಡ್ಲಿಲ್ಲಂದ್ರ ಸುಮ್ನ ಬಾಜೂಕ ಕುಂತು ಬಾ, ಮತ್ತ ಮುಂದಿನ ಹುಣ್ಣಿಮಿಗೆ ಹೋಗು. ನಮ್ಮ ಪಡ್ಲಿಗಿಗೆ, ಅಂದ್ರ ದೇವಿ ಬುಟ್ಟಿಗೆ, ಊರ ಮಂದೆಲ್ಲಾ ಅಕ್ಕಿ ಹಾಕತಾರ, ಕಾಲು ಮುಗೀತಾರ, ಆದ್ರ ಪಂಚಮಿ ಬಂತಂದ್ರ ಹೆಣ್ಮಕ್ಕಳು ತವರಿಗೆ ಹೊಂಟಿದ್ದು ನೋಡಿ ಹೊಟ್ಯಾಗ ಸಂಕಟ ಆಗತೈತಿ. ನನಗ ಇವತ್ತಿಗೂ ತವರಿಂದ ಒಂದು ಕುಬಸ ಬಂದಿಲ್ಲ. ನಿಮ್ಮವ್ವ ಇದ್ರ ಕರಕೊಂಡು ಹೋಗಿ ಉಡಿ ತುಂಬಸು.

ಪ್ರಶ್ನೆ ಕೇಳಿದವರು:
ಅವ್ವಗ ಇದನ್ನೆಲ್ಲಾ ಓದಿ ಹೇಳಿದೆ, ಭಾಳ ಹೊತ್ತು ಅತ್ಲು, ಆಮ್ಯಾಲೆ ಟ್ರಂಕ್ ತಗದು ಇಳಕಲ್ ಸೀರಿ ತಗದಿಟ್ಲು, ಹಸರು ಬಳಿ ಯಾವ ಅಳತಿ ತರೂದು ಅಂತ ನನ್ನ ಕೇಳಾಕತ್ತಾಳ. ಮನೆಯವ್ರಿಗೂ ಹೇಳೀನಿ, ಅವ್ರಿನ್ನೂ ಮಾತಾಡಿಲ್ಲ. ಶುಕ್ರವಾರ ನಾನು ಅವ್ವ ಹೊಂಟೀವಿ, ತಂಗಿ ಅಲ್ಲಿ ಸಿಗತಾಳೋ ಇಲ್ಲೋ, ಹೆಸರು ಗೊತ್ತಿದ್ರ ಯಾರನ್ನರ ಕೇಳಬೌದಿತ್ತು.