ಅಪ್‌ಡೇಟ್: ಪಾದರಸದ ಫಿಲ್ಲಿಂಗ್ ತೆಗೆಸಿದ ಮೇಲೆ ಗರ್ಭಧಾರಣೆಗೆ ಎಷ್ಟು ಕಾಯಬೇಕು?

ನನ್ನ ಹಲ್ಲುಗಳಲ್ಲಿ ಒಡೆದುಹೋಗಿದ್ದ ಎರಡು ಹಳೆಯ ಬೆಳ್ಳಿ ಬಣ್ಣದ ಫಿಲ್ಲಿಂಗ್‌ಗಳನ್ನು ತೆಗೆಸಿದ ನಂತರ ಮಗುವಿಗಾಗಿ ಎಷ್ಟು ಕಾಲ ಕಾಯಬೇಕೆಂದು ನಾನು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.

ಈ ಫಿಲ್ಲಿಂಗ್‌ನ ತೂಕದಲ್ಲಿ ಸುಮಾರು ಅರ್ಧದಷ್ಟು ಪಾದರಸವೇ ಇರುವುದರಿಂದ, ಅದನ್ನು ಕೊರೆದು ತೆಗೆಯುವಾಗ ಆವಿ ಹೊರಬಂದು ರಕ್ತದಲ್ಲಿ ಪಾದರಸದ ಪ್ರಮಾಣ ಸ್ವಲ್ಪ ಕಾಲ ಏರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ ಎಂದು ದಂತವೈದ್ಯರು ವಿವರಿಸಿದರು. ಹೀಗೆ ಉಸಿರಿನೊಂದಿಗೆ ಒಳಹೋದ ಪಾದರಸದಲ್ಲಿ ಅರ್ಧ ಭಾಗ ದೇಹದಿಂದ ಹೊರಹೋಗಲು ಸುಮಾರು 2 ತಿಂಗಳು ಬೇಕು. ಆದ್ದರಿಂದ ಕೆಲವು ತಿಂಗಳು ಕಾಯುವುದು ಕಡ್ಡಾಯವಲ್ಲದಿದ್ದರೂ ಸಮಂಜಸವೆಂದು ನಮ್ಮ ಸ್ತ್ರೀರೋಗ ತಜ್ಞೆ ಹೇಳಿದರು. ನಾವು ಹಾಗೆಯೇ ನಿರ್ಧರಿಸಿದ್ದೇವೆ. ಪಾದರಸವನ್ನು ಹೊರಹಾಕುತ್ತವೆ ಎನ್ನುವ ಔಷಧಿಗಳನ್ನು ಮಾತ್ರ ಅವರು ಸ್ಪಷ್ಟವಾಗಿ ಬೇಡವೆಂದರು, ಏಕೆಂದರೆ ಅವು ದೇಹಕ್ಕೆ ಬೇಕಾದ ಖನಿಜಗಳನ್ನೂ ಸೆಳೆದೊಯ್ಯಬಲ್ಲವು.

ನನ್ನ ಬಾಯಲ್ಲಿ ಇನ್ನೊಂದು ಫಿಲ್ಲಿಂಗ್ ಉಳಿದಿದೆ, ಗಟ್ಟಿಯಾಗಿದೆ. ಗರ್ಭಿಣಿಯರಿಗೂ ಗರ್ಭಧಾರಣೆಗೆ ಯೋಜಿಸುತ್ತಿರುವವರಿಗೂ ಇಂಥ ಫಿಲ್ಲಿಂಗ್ ಹೊಸದಾಗಿ ಹಾಕದಿರುವುದು ಒಳಿತೆಂದು 2020ರಲ್ಲಿ ಸಲಹೆ ನೀಡಿದ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ, ಸುಸ್ಥಿತಿಯಲ್ಲಿರುವುದನ್ನು ಸಕಾರಣವಿಲ್ಲದೆ ತೆಗೆಸಬೇಕೆಂದು ಹೇಳಿಲ್ಲ. ಹಾಗಾಗಿ ಅದನ್ನು ಮುಟ್ಟುವುದಿಲ್ಲ.

ಸದ್ಯ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳುತ್ತಿದ್ದೇನೆ. ಮೀನು ಬಿಟ್ಟಿಲ್ಲ, ಪಾದರಸ ಹೆಚ್ಚು ಸೇರುವ ಶಾರ್ಕ್‌ನಂತಹ ದೊಡ್ಡ ಮೀನುಗಳ ಬದಲು ಬೂತಾಯಿ, ಬಂಗುಡೆ ತಿನ್ನುತ್ತಿದ್ದೇನೆ.